ಉಪಪತ್ತಿಯ ಆಚಾರ್ಯ: ಭಾಸ್ಕರಾಚಾರ್ಯರ ಜೀವನ ಮತ್ತು ಗ್ರಂಥ

ಗುರುವು ಹತ್ತಿರವಿಲ್ಲದ ವಿದ್ಯಾರ್ಥಿಯು ಯಾವ ಗ್ರಂಥವನ್ನು ಕೈಗೆತ್ತಿಕೊಂಡರೆ ಶಾಸ್ತ್ರವು ಅವನಿಗೆ ತೆರೆದುಕೊಂಡೀತು ಎಂಬ ಪ್ರಶ್ನೆ ಬಹು ಹಳೆಯದು. ಪ್ರೌಢಶಾಲೆಯನ್ನು ದಾಟಿ, ಅವಕಲ ಸಮೀಕರಣಗಳಂಥ ಕಠಿಣವಾದ ಗಣಿತಭಾಗವನ್ನು ಸ್ವಪ್ರಯತ್ನದಿಂದ ಕಲಿಯಬಯಸುವ ಹಳ್ಳಿಯ ವಿದ್ಯಾರ್ಥಿಯನ್ನು ಅದು ಇಂದಿಗೂ ಕಾಡುತ್ತದೆ. ಸೂತ್ರವನ್ನು ಕೊಟ್ಟು ಉತ್ತರವನ್ನು ತರಿಸುವ ಪುಸ್ತಕಗಳು ಹೇರಳವಾಗಿವೆ. ಆ ಸೂತ್ರವು ಏಕೆ ಸತ್ಯವೆಂದು ತಿಳಿಯಪಡಿಸುವ ಪುಸ್ತಕಗಳು ವಿರಳ. ಈ ಭೇದವನ್ನು ಎಂಟುನೂರ ಎಪ್ಪತ್ತು ವರ್ಷಗಳಿಗೂ ಹಿಂದೆಯೇ ಮನಗಂಡು, ಓದುಗನ ಕೈಗೆ ಮೂಲವನ್ನೂ ಅದರ ಯುಕ್ತಿಯನ್ನೂ ಒಟ್ಟಿಗೆ ಇತ್ತ ಮಹನೀಯರು ಭಾಸ್ಕರಾಚಾರ್ಯರು.

ಆಚಾರ್ಯರು ಜನಿಸಿದುದು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ. ಶಾಂಡಿಲ್ಯ ಗೋತ್ರದವರು. ತಮ್ಮ ಊರು ಸಹ್ಯಾದ್ರಿಯನ್ನು ಆಶ್ರಯಿಸಿದ ವಿಜ್ಜಡವಿಡವೆಂದು ತಾವೇ ತಿಳಿಸಿದ್ದಾರೆ. ಅದು ನಮ್ಮ ವಿಜಾಪುರವೇ ಎಂದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಂಬಿಕೆಯುಂಟು; ಖಾನದೇಶದ ಪಾಟಣದ ಸಮೀಪದ ಊರೆಂದು ವಾದಿಸುವ ವಿದ್ವಾಂಸರೂ ಉಂಟು. ಸಹ್ಯಾದ್ರಿಯ ಉಲ್ಲೇಖವನ್ನು ನೋಡಿದರೆ ಎರಡನೆಯ ಪಕ್ಷವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಊರಾವುದೇ ಇರಲಿ, ವಿದ್ಯೆ ಮಾತ್ರ ಮನೆಯಲ್ಲಿಯೇ ಇದ್ದಿತು. ತಂದೆ ಮಹೇಶ್ವರರೇ ಅವರಿಗೆ ಗುರುಗಳು.

ಮನೆಯಲ್ಲಿ ಗುರುವಿದ್ದರೂ ಯಾವುದನ್ನು ಓದಬೇಕು ಎಂಬ ಚಿಂತೆ ಆಚಾರ್ಯರಿಗೂ ಬಂದೊದಗಿತ್ತು. ಅವರ ಮುಂದೆ ಬ್ರಹ್ಮಗುಪ್ತರ, ಶ್ರೀಧರರ, ಪದ್ಮನಾಭರ ಬೀಜಗಣಿತಗಳಿದ್ದವು. ಅವು ಅತಿವಿಸ್ತಾರವಾಗಿವೆಯೆಂದು ಕಂಡು, ಅವುಗಳ ಸಾರವನ್ನು ಆರಿಸಿ, ಯುಕ್ತಿಯನ್ನು ಕೂಡಿಸಿ, ಶಿಷ್ಯರ ಸಂತೋಷಕ್ಕಾಗಿ ಚಿಕ್ಕದಾಗಿ ರಚಿಸಿದುದಾಗಿ ತಮ್ಮ ಬೀಜಗಣಿತದ ಕೊನೆಯಲ್ಲಿ ಅವರು ಅರಿಕೆ ಮಾಡಿಕೊಂಡಿದ್ದಾರೆ. ತಾವು ಓದುಗರಾಗಿ ಪಟ್ಟ ಶ್ರಮವು ಮುಂದಿನ ಓದುಗನಿಗೆ ಒದಗದಿರಲೆಂಬ ಕಳಕಳಿ ಅಲ್ಲಿ ಸ್ಪಷ್ಟವಾಗಿದೆ.

1150ರಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಆಚಾರ್ಯರು ಸಿದ್ಧಾಂತಶಿರೋಮಣಿಯನ್ನು ಪೂರ್ಣಗೊಳಿಸಿದರು. ಅಂಕಗಣಿತಕ್ಕೆ ಲೀಲಾವತಿ, ಅವ್ಯಕ್ತಗಣಿತಕ್ಕೆ ಬೀಜಗಣಿತ, ಗ್ರಹಗಳ ಗತಿಗೆ ಗ್ರಹಗಣಿತ, ಖಗೋಳದ ಸ್ವರೂಪಕ್ಕೆ ಗೋಲಾಧ್ಯಾಯ ಎಂದು ಅದಕ್ಕೆ ನಾಲ್ಕು ಭಾಗಗಳು. ಪದ್ಯರೂಪದ ಶಾಸ್ತ್ರವು ಕಂಠಪಾಠಕ್ಕೆ ಅನುಕೂಲ. ಅರ್ಥಕ್ಕೆ ಗುರುಮುಖವೇ ಬೇಕು. ಈ ತೊಡಕನ್ನು ನೀಗಲೆಂದೇ ಗ್ರಹಗಣಿತಕ್ಕೂ ಗೋಲಾಧ್ಯಾಯಕ್ಕೂ ಅವರು ವಾಸನಾಭಾಷ್ಯವೆಂಬ ಗದ್ಯವ್ಯಾಖ್ಯಾನವನ್ನು ತಾವೇ ಬರೆದರು. ವಾಸನೆ ಎಂದರೆ ಇಲ್ಲಿ ಉಪಪತ್ತಿ, ಕಾರಣಸಹಿತವಾದ ಸಮರ್ಥನೆ. ಉಪಪತ್ತಿಯನ್ನು ಅರಿಯದ ಗಣಕನು ಪ್ರೌಢರ ಸಭೆಯಲ್ಲಿ ಗೌರವವನ್ನು ಪಡೆಯಲಾರನೆಂದೂ, ಅವನ ಸಂಶಯವೂ ನೀಗದೆಂದೂ ಅವರ ದೃಢವಾದ ಮತ.

ಅವರ ರೀತಿಗೆ ಒಂದು ನಿದರ್ಶನ ಸಾಕು. ಗೋಲದ ಮೇಲ್ಮೈಯ ವಿಸ್ತೀರ್ಣಕ್ಕೆ ಲಲ್ಲನೆಂಬ ಪೂರ್ವಾಚಾರ್ಯನು ಕೊಟ್ಟ ಸೂತ್ರವು ತಪ್ಪಾಗಿತ್ತು. ಭಾಸ್ಕರರು ಅದನ್ನು ಖಂಡಿಸಿ, ಪರಿಧಿಯನ್ನು ವ್ಯಾಸದಿಂದ ಗುಣಿಸಬೇಕೆಂದು ವಿಧಿಸಿದರು. ಅಲ್ಲಿಗೇ ನಿಲ್ಲಲಿಲ್ಲ. ಮಣ್ಣಿನದೋ ಮರದ್ದೋ ಒಂದು ಗೋಲವನ್ನು ಮಾಡಿಕೊಂಡು, ನೆಲ್ಲಿಕಾಯಿಯ ಮೇಲಿನ ಗೆರೆಗಳಂತೆ ರೇಖೆಗಳನ್ನೆಳೆದು, ಒಂದೊಂದು ಹೋಳಿನ ಕ್ಷೇತ್ರವನ್ನು ಪಟ್ಟಿಪಟ್ಟಿಯಾಗಿ ಅಳೆದು ಕೂಡಿಸಿ ನೋಡುವ ಬಗೆಯನ್ನು ಭಾಷ್ಯದಲ್ಲಿ ವಿವರಿಸಿದರು. ಒಬ್ಬಂಟಿಯಾಗಿ ಕುಳಿತ ಓದುಗನೂ ಅದನ್ನು ಪರೀಕ್ಷಿಸಿಕೊಳ್ಳಬಹುದು.

ಆಚಾರ್ಯರ ಹೆಸರು ಇಂದಿನ ಕಲನಶಾಸ್ತ್ರದೊಡನೆ ಸೇರಿಬಂದಿರುವುದು ತಾತ್ಕಾಲಿಕ ಗತಿಯೆಂಬ ವಿಚಾರದಿಂದ. ಮುಗದದ ಕೆರೆಯನ್ನು ಮಳೆಗಾಲದಲ್ಲಿ ನೋಡಿದವರಿಗೆ ಇದು ಕಷ್ಟವಲ್ಲ. ಆಷಾಢದ ಒಂದು ದಿನದಲ್ಲಿ ನೀರು ಎಷ್ಟು ಏರಿತೆಂದು ಅಳೆದು ಅರುವತ್ತು ಘಳಿಗೆಗಳಿಗೆ ಹಂಚಿದರೆ ದೊರೆಯುವುದು ಸರಾಸರಿ. ಮಳೆ ಭೋರ್ಗರೆದ ಆ ಒಂದು ಕ್ಷಣದಲ್ಲಿ ನೀರು ಯಾವ ವೇಗದಿಂದ ಏರುತ್ತಿತ್ತೆಂಬುದು ಬೇರೆಯೇ ಮಾತು. ಇನ್ನು ಕೆರೆ ಕೋಡಿ ಬಿದ್ದಾಗ, ನೀರಿನ ಮಟ್ಟ ಹೆಚ್ಚಿದಷ್ಟೂ ಹೊರಹರಿವು ಹೆಚ್ಚುತ್ತದೆ. ಮಟ್ಟವು ಬದಲಾಗುವ ವೇಗವು ಮಟ್ಟವನ್ನೇ ಅವಲಂಬಿಸುತ್ತದೆ. ಇಂಥ ಸಂಬಂಧವನ್ನು ಬರೆದಿಡುವುದೇ ಅವಕಲ ಸಮೀಕರಣ.

ಆಚಾರ್ಯರ ಕಣ್ಣಮುಂದಿದ್ದುದು ಚಂದ್ರ. ಸೂರ್ಯನ ಮಧ್ಯಮ ದಿನಗತಿ ಸುಮಾರು 59 ಕಲೆಗಳಾದರೆ ಚಂದ್ರನದು ಸುಮಾರು 790 ಕಲೆಗಳು. ಅದೂ ಕ್ಷಣಕ್ಷಣಕ್ಕೂ ಬದಲಾಗತಕ್ಕದ್ದು. ನಿನ್ನೆಗೂ ಇಂದಿಗೂ ಇರುವ ಅಂತರವನ್ನೇ ಗತಿಯೆಂದು ಹಿಡಿದರೆ ತಿಥಿಯ ಅಂತ್ಯವನ್ನು ಹೇಳುವುದರಲ್ಲಿ ದೋಷ ಬರುತ್ತದೆ. ಆದ್ದರಿಂದ ಆಯಾ ಕ್ಷಣದ ಗತಿಯೇ ಬೇಕು. ಆಗಿನ ಜ್ಯಾಕೋಷ್ಟಕದಲ್ಲಿ ತ್ರಿಜ್ಯೆ 3438. 225 ಕಲೆಗಳಿಗೊಂದರಂತೆ ಇಪ್ಪತ್ತನಾಲ್ಕು ಜ್ಯೆಗಳು. ಒಂದು ಖಂಡದ ಉದ್ದಕ್ಕೂ ಒಂದೇ ಅಂತರವನ್ನು ಬಳಸಿದರೆ, ಖಂಡ ಮುಗಿದೊಡನೆ ಗತಿಯು ಹಾರಿಬೀಳುತ್ತದೆ. ಆಕಾಶದಲ್ಲಿ ಅಂಥ ನೆಗೆತವಿಲ್ಲ. ಭಾಸ್ಕರರು ಇಲ್ಲಿ ಬಳಸಿದ ಉಪಾಯ ಸಾಮಾನ್ಯ ತ್ರೈರಾಶಿಕ. ಕೋಟಿಜ್ಯೆಯು ತ್ರಿಜ್ಯೆಗೆ ಸಮನಾದಾಗ ಅಂತರವು 225. ಇಷ್ಟವಾದ ಕೋಟಿಜ್ಯೆಗೆ ಎಷ್ಟು? ಜ್ಯೆಯ ಬದಲಾವಣೆಯು ಕೋಟಿಜ್ಯೆಯನ್ನು ಅನುಸರಿಸುತ್ತದೆಂಬ ತತ್ತ್ವವು, ಇಂದು ಕಾಲೇಜಿನಲ್ಲಿ ಅವಕಲನದ ಮೊದಲ ಪಾಠಗಳಲ್ಲಿ ಬರುವ ತತ್ತ್ವವು, ಹೀಗೆ ಮಾರುಕಟ್ಟೆಯ ಲೆಕ್ಕದಿಂದಲೇ ಹೊರಬಂದಿತು. ಗ್ರಹದ ಫಲವು ಪರಮಾವಧಿಯನ್ನು ಮುಟ್ಟಿದೆಡೆಯಲ್ಲಿ ಅದರ ಗತಿಯು ಶೂನ್ಯವಾಗಿ, ಸ್ಪಷ್ಟಗತಿಯು ಮಧ್ಯಗತಿಗೆ ಸಮನಾಗುವುದೆಂದೂ ಅವರು ಕಂಡಿದ್ದರು.

ಅಭಿಮಾನದಿಂದ ಇದನ್ನು ಹಿಗ್ಗಿಸಿ ಹೇಳುವುದು ಉಚಿತವಲ್ಲ. ಕೋಟಿಜ್ಯೆಯಿಂದ ಗತಿಯನ್ನು ಸಾಧಿಸುವ ಕ್ರಮವು ಹತ್ತನೆಯ ಶತಮಾನದ ಮಂಜುಲನ ಲಘುಮಾನಸದಲ್ಲಿಯೇ ಉಂಟು. ಸ್ಥಾನದಿಂದ ಗತಿಯನ್ನು ತೆಗೆಯುವ ವಿಧಾನವನ್ನು ಆಚಾರ್ಯರು ಗ್ರಹಗಣಿತಕ್ಕಷ್ಟೇ ಬಳಸಿದರು. ಗತಿಯ ನಿಯಮವನ್ನು ಮುಂದಿಟ್ಟುಕೊಂಡು ಅಜ್ಞಾತವಾದ ಸ್ಥಾನವನ್ನು ಹುಡುಕುವ ಸಾರ್ವತ್ರಿಕ ಮಾರ್ಗವು, ಅವಕಲ ಸಮೀಕರಣಗಳ ನಿಜವಾದ ಕಾರ್ಯವು, ಹದಿನೇಳನೆಯ ಶತಮಾನದಲ್ಲಿ ನ್ಯೂಟನ್, ಲೈಬ್‌ನಿಟ್ಸ್‌ರಿಂದ ರೂಪುಗೊಂಡಿತು. ಭಾಸ್ಕರರ ಹಿರಿಮೆ ತಾತ್ಕಾಲಿಕವನ್ನು ಸ್ಥೂಲದಿಂದ ಬೇರ್ಪಡಿಸಿ ಹೆಸರಿಟ್ಟು ಕಾರಣ ಹೇಳಿದುದರಲ್ಲಿದೆ. ಅಷ್ಟೇ ಸಾಕಷ್ಟು ದೊಡ್ಡದು.

ಎಲ್ಲರಿಗೂ ಉಪಪತ್ತಿ ಬೇಕಿಲ್ಲವೆಂಬುದನ್ನೂ ಅವರು ಬಲ್ಲರು. 1183ರಲ್ಲಿ, ಅರುವತ್ತೊಂಬತ್ತರ ಇಳಿವಯಸ್ಸಿನಲ್ಲಿ, ಪಂಚಾಂಗ ಮಾಡುವವರಿಗಾಗಿ ಕರಣಕುತೂಹಲವೆಂಬ ಚಿಕ್ಕ ಕೃತಿಯನ್ನು ರಚಿಸಿದರು. ಅದು ಲೆಕ್ಕ ಮಾಡಿ ಮುಗಿಸುವವರ ಕೈಪಿಡಿ. ಶಿರೋಮಣಿಯು ಅರಿಯಬಯಸುವವರ ಗ್ರಂಥ.

ಲೋಕವು ಆರಿಸಿಕೊಂಡುದು ಲೀಲಾವತಿಯನ್ನು. ಅದು ಸಹಜವೇ, ಅದರ ಲೆಕ್ಕಗಳಲ್ಲಿ ದುಂಬಿಗಳೂ ಹಂಸಗಳೂ ಮುತ್ತಿನ ಹಾರಗಳೂ ಇವೆ. 1545ರಲ್ಲಿ ಗಣೇಶ ದೈವಜ್ಞರು ಅದಕ್ಕೆ ಬುದ್ಧಿವಿಲಾಸಿನಿಯೆಂಬ ವ್ಯಾಖ್ಯೆಯನ್ನು ಬರೆದರು. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಅದನ್ನು ಪಾರಸಿಗೆ ತಂದನು. ಮಗಳು ಲೀಲಾವತಿಯ ಮದುವೆಯ ಮುಹೂರ್ತವು ಘಟಿಕಾಪಾತ್ರೆಯಲ್ಲಿ ಮುತ್ತು ಬಿದ್ದು ತಪ್ಪಿತೆಂಬ ಕಥೆ ಜನಪ್ರಿಯವಾದುದೂ ಫೈಜಿಯಿಂದಲೇ. ಆಚಾರ್ಯರ ಗ್ರಂಥದಲ್ಲಿ ಅದರ ಸುಳಿವಿಲ್ಲ. 1817ರಲ್ಲಿ ಕೋಲ್‌ಬ್ರೂಕ್ ಲೀಲಾವತಿ, ಬೀಜಗಣಿತಗಳನ್ನು ಇಂಗ್ಲಿಷಿಗೆ ತಿರುಗಿಸಿದನು. ತಾತ್ಕಾಲಿಕ ಗತಿಯಿದ್ದ ಭಾಗವು ಆ ಎರಡರಲ್ಲಿಯೂ ಇಲ್ಲವಾದ್ದರಿಂದ ಪಾಶ್ಚಾತ್ಯರ ಕಣ್ಣಿಗೆ ಅದು ಬೀಳಲು ಇನ್ನೂ ನಾಲ್ಕು ದಶಕಗಳು ಬೇಕಾದವು. ಕಾಶಿಯ ಬಾಪೂದೇವ ಶಾಸ್ತ್ರಿಗಳು 1858ರಲ್ಲಿ ಅದನ್ನು ಪ್ರಕಟಪಡಿಸಿದರು. 1860ರಲ್ಲಿ ಇಂಗ್ಲೆಂಡಿನ ಸ್ಪಾಟಿಸ್‌ವುಡ್ ಅದನ್ನು ಪರಿಶೀಲಿಸಿ, ಆಚಾರ್ಯರ ಸೂಕ್ಷ್ಮದೃಷ್ಟಿಯನ್ನು ಮೆಚ್ಚಿಯೂ ಕಲನಶಾಸ್ತ್ರವೆಂದು ಪೂರ್ಣವಾಗಿ ಒಪ್ಪಲು ಹಿಂಜರಿದನು.

ಇದಕ್ಕೆ ಬಹು ಮೊದಲೇ, ಇಡಿಯ ಶಿರೋಮಣಿಯೂ ಓದಲ್ಪಡಬೇಕೆಂದು ಆಚಾರ್ಯರ ಮನೆತನದವರು ಹವಣಿಸಿದ್ದರು. ಮಗ ಲಕ್ಷ್ಮೀಧರರು ಯಾದವ ಜೈತ್ರಪಾಲನ ಆಸ್ಥಾನದಲ್ಲಿ ಪಂಡಿತರು. ಮೊಮ್ಮಗ ಚಾಂಗದೇವರು ಸಿಂಘಣನಲ್ಲಿ ಜ್ಯೋತಿಷಿಗಳು. ಭಾವು ದಾಜಿಯವರು 1865ರಲ್ಲಿ ಲೋಕಕ್ಕೆ ತಿಳಿಸಿದ ಪಾಟಣದ ಶಾಸನವು ಈ ವಂಶದ ಚರಿತ್ರೆಯನ್ನು ಹೇಳುತ್ತದೆ. 1207ರಲ್ಲಿ ಚಾಂಗದೇವರು ಅಲ್ಲಿ ಒಂದು ಮಠವನ್ನು ಸ್ಥಾಪಿಸಿದರು. ಸಿದ್ಧಾಂತಶಿರೋಮಣಿ ಮೊದಲಾದ ಅಜ್ಜನ ಗ್ರಂಥಗಳನ್ನೂ ವಂಶದ ಇತರರ ಕೃತಿಗಳನ್ನೂ ಆ ಮಠದಲ್ಲಿ ನಿಯಮದಿಂದ ವ್ಯಾಖ್ಯಾನಿಸತಕ್ಕದ್ದೆಂದು ಕಟ್ಟಳೆ. ನಿಕುಂಭ ವಂಶದ ಸೋಯಿದೇವನು ಮಠಕ್ಕೆ ಭೂಮಿಯನ್ನು ಬಿಟ್ಟನು. ಅವನ ತಮ್ಮ ಹೇಮಾಡಿದೇವನೂ ದತ್ತಿಯಿತ್ತನು. ಇವುಗಳೊಡನೆ ಊರಿನ ವ್ಯಾಪಾರದ ಆಯದಲ್ಲಿ ಒಂದು ಪಾಲು, ಗಾಣದ ಎಣ್ಣೆಯಲ್ಲಿ ಒಂದು ಅಳತೆ, ಆ ಪಾಠಕ್ಕೆ ಮೀಸಲಾದವು.