ಕುದ್ಮುಲ್ ರಂಗರಾಯರು

ತೊರಗಲ್ಲಿನ ಭೂತನಾಥ ದೇವಾಲಯವನ್ನಾಗಲಿ, ಸವದತ್ತಿ ತಾಲ್ಲೂಕಿನ ಹೂಲಿಯ ಪಂಚಲಿಂಗೇಶ್ವರ ದೇವಾಲಯವನ್ನಾಗಲಿ ಕಂಡವರು ಅವುಗಳನ್ನು ಕಟ್ಟಿದ ಕೈಗಳ ಜಾಣ್ಮೆಗೆ ಬೆರಗಾಗುತ್ತಾರೆ. ಕಲ್ಲನ್ನು ಅಳೆದು, ಕಡೆದು, ಕೂಡಿಸಿ ನಿಲ್ಲಿಸುವ ಆ ವಿದ್ಯೆ ತಂದೆಯಿಂದ ಮಗನಿಗೆ ಬಂದುದು. ಓದುಬರಹದ ವಿದ್ಯೆಯಾದರೋ ಬಹುಮಟ್ಟಿಗೆ ಅಗ್ರಹಾರ, ಮಠಗಳಲ್ಲಿ ಬೆಳೆದುದು. ಕೈಯ ವಿದ್ಯೆಗೆ ಒಂದು ಮನೆ, ಅಕ್ಷರದ ವಿದ್ಯೆಗೆ ಮತ್ತೊಂದು ಮನೆ ಎಂಬಂತೆ ನಮ್ಮ ನಾಡಿನಲ್ಲಿ ಶತಮಾನಗಳು ಸಂದವು. ಈ ಎರಡು ಮನೆಗಳ ಬಾಗಿಲೂ ಮುಚ್ಚಿದ್ದ ಜನಸಮುದಾಯವೊಂದು ಊರ ಹೊರಗೆ ಬಾಳುತ್ತಿತ್ತು. ಆ ಜನರ ಮಕ್ಕಳಿಗಾಗಿ ಎರಡು ವಿದ್ಯೆಗಳನ್ನೂ ಒಟ್ಟುಗೂಡಿಸಿದ ಮಹನೀಯರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಅಗ್ರಗಣ್ಯರು.

ರಂಗರಾಯರು 1859ರಲ್ಲಿ ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆತನವೊಂದರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಮೊದಲು ಉಪಾಧ್ಯಾಯರಾಗಿ, ಅನಂತರ ಪರೀಕ್ಷೆಗೆ ಕುಳಿತು ತೇರ್ಗಡೆ ಹೊಂದಿ ವಕೀಲರಾದರು. ಬ್ರಹ್ಮಸಮಾಜದ ವಿಚಾರಗಳು ಅವರ ಮನಸ್ಸನ್ನು ಸೆಳೆದವು. ಮನುಷ್ಯನನ್ನು ಮನುಷ್ಯನು ಮುಟ್ಟಬಾರದೆಂಬ ಪದ್ಧತಿಯನ್ನು ಅವರು ಒಪ್ಪಲಾರದೆ ಹೋದರು.

ಅಂದು ದಲಿತ ಮಕ್ಕಳಿಗೆ ಶಾಲೆಯಲ್ಲಿ ಇತರ ಮಕ್ಕಳೊಡನೆ ಕುಳಿತು ಕಲಿಯುವ ಅವಕಾಶವಿರಲಿಲ್ಲ. ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಅವರಿಗಾಗಿ ಶಾಲೆ ತೆರೆದರು. 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜನರು ಅವರಿಗೆ ಬಹಿಷ್ಕಾರ ಹಾಕಿದರು. ಪಾಠ ಹೇಳುವ ಶಿಕ್ಷಕರು ದೊರೆಯುವುದೂ ದುಸ್ತರವಾಯಿತು. ಅದಕ್ಕಿಂತ ದೊಡ್ಡ ತೊಡಕು ಬಡತನ. ಮಗು ಶಾಲೆಗೆ ಹೋದರೆ ಆ ದಿನದ ಅದರ ದುಡಿಮೆ ತಪ್ಪುತ್ತಿತ್ತು. ದುಡಿಮೆ ತಪ್ಪಿದರೆ ಒಲೆ ಉರಿಯುವುದು ಕಷ್ಟವಾಗುತ್ತಿತ್ತು. ಇದನ್ನು ಅರಿತ ರಂಗರಾಯರು ಶಾಲೆಗೆ ಬಂದ ಪ್ರತಿ ಮಗುವಿಗೂ ದಿನಕ್ಕೆ ಎರಡು ಪೈಸೆ ಕೊಟ್ಟರು. ಮಧ್ಯಾಹ್ನದ ಊಟವನ್ನೂ ಇಕ್ಕಿದರು. ಅಟ್ಟಾವರ, ಬೋಳೂರು, ಮೂಲ್ಕಿ, ಉಳ್ಳಾಲ ಮೊದಲಾದೆಡೆ ಅವರ ಶಾಲೆಗಳು ಒಂದೊಂದಾಗಿ ತೆರೆದವು.

ಆದರೆ ಅಕ್ಷರ ಕಲಿತ ಮಾತ್ರಕ್ಕೆ ಈ ಮಕ್ಕಳ ಬಾಳು ಹಸನಾಗುವಂತಿರಲಿಲ್ಲ. ಓದಿದ ದಲಿತ ಯುವಕನಿಗೆ ಕಚೇರಿಯ ಕೆಲಸ ಸುಲಭವಾಗಿ ದಕ್ಕುತ್ತಿರಲಿಲ್ಲ. ಆದುದರಿಂದ ಮಿಷನ್ನಿನ ಆಶ್ರಯದಲ್ಲಿ ಮಂಗಳೂರಿನ ಶೇಡಿಗುಡ್ಡೆಯಲ್ಲಿ ಕೈಗಾರಿಕಾ ಶಾಲೆಯೊಂದು ಆರಂಭವಾಯಿತು. ಅಲ್ಲಿ ಬಡಗಿಯ ಕೆಲಸ, ನೇಯ್ಗೆ ಮುಂತಾದ ಕಸಬುಗಳನ್ನು ಕಲಿಸಲಾಯಿತು. ಬಡಗಿಯ ಕೆಲಸಕ್ಕೆ ಆ ಊರಿನಲ್ಲಿ ಬೇಡಿಕೆಯೂ ಇದ್ದಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಿದ್ದರು. ಮುಳಿಹುಲ್ಲಿನ ಮಾಡಿನ ಜಾಗದಲ್ಲಿ ಕೆಂಪು ಹಂಚಿನ ಮಾಡುಗಳು ಏಳುತ್ತಿದ್ದವು. ಹಂಚು ನಿಲ್ಲಬೇಕಾದರೆ ಪಕ್ಕಾಸು, ರೀಪುಗಳು ಬೇಕು. ರೀಪುಗಳ ನಡುವಣ ಅಂತರ ತಪ್ಪಿದರೆ ಹಂಚು ಕೂರುವುದಿಲ್ಲ. ಮಾಡಿನ ಇಳಿಜಾರು ತಪ್ಪಿದರೆ ಮಳೆನೀರು ಒಳಗಿಳಿಯುತ್ತದೆ. ಅಳತೆ, ಕೋನ, ಭಿನ್ನರಾಶಿಗಳನ್ನು ಪಾಟಿಯ ಮೇಲೆ ಕಲಿತ ಹುಡುಗನಿಗೆ ಉಳಿ, ಕೀಸುಳಿಗಳ ಕೆಲಸ ಬೇಗನೆ ಒಲಿಯುತ್ತದೆ. ಮರದ ಮೇಲೆ ಗೆರೆ ಎಳೆದವನಿಗೆ ಲೆಕ್ಕದ ಅರ್ಥ ಬೇಗನೆ ತಿಳಿಯುತ್ತದೆ.

ಕಸಬೊಂದನ್ನೇ ಕಲಿಸಿ ಅಕ್ಷರವನ್ನು ಕೈಬಿಟ್ಟಿದ್ದರೆ ಆ ಮಕ್ಕಳು ಪರರು ಬರೆದ ಲೆಕ್ಕಕ್ಕೆ ಹೆಬ್ಬೆಟ್ಟೊತ್ತುವ ಕೂಲಿಗಳಾಗಿಯೇ ಉಳಿಯುತ್ತಿದ್ದರು. ಅಕ್ಷರವನ್ನೇ ಕಲಿಸಿ ಕಸಬನ್ನು ಕೈಬಿಟ್ಟಿದ್ದರೆ ಹಸಿವು ಅವರನ್ನು ಮತ್ತೆ ಹಳೆಯ ಜೀತಕ್ಕೆ ಎಳೆಯುತ್ತಿತ್ತು. ಕಸಬು ಅನ್ನವನ್ನು ಕೊಡುತ್ತದೆ. ಅಕ್ಷರವು ಆ ಅನ್ನವನ್ನು ಕಾಯುತ್ತದೆ. ರಂಗರಾಯರ ಸಾಧನೆಯ ಹಿರಿಮೆ ಇರುವುದು ಇವೆರಡನ್ನೂ ಬೆಸೆದುದರಲ್ಲಿ.

ಇಂತಹ ಪ್ರಯತ್ನ ಹೊರನಾಡುಗಳಲ್ಲಿಯೂ ನಡೆದಿತ್ತು. ಅಮೆರಿಕದ ಟಸ್ಕೆಗೀ ಎಂಬಲ್ಲಿ 1881ರಲ್ಲಿ ಬೂಕರ್ ಟಿ. ವಾಷಿಂಗ್ಟನ್ನರ ನೇತೃತ್ವದಲ್ಲಿ ಆರಂಭವಾದ ಶಾಲೆಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಜನರ ಮಕ್ಕಳು ಓದಿನ ಜೊತೆಗೆ ತಾವೇ ಇಟ್ಟಿಗೆ ಸುಟ್ಟು ಶಾಲೆಯ ಕಟ್ಟಡಗಳನ್ನು ಕಟ್ಟಿದರು. ಭಾರತದಲ್ಲಿ ಗಾಂಧೀಜಿಯವರು ಕೈಕಸುಬನ್ನು ಆಧರಿಸಿದ ಮೂಲಶಿಕ್ಷಣವನ್ನು 1937ರಲ್ಲಿ ವಾರ್ಧಾದಲ್ಲಿ ದೇಶದ ಮುಂದಿಟ್ಟರು. ಅದಕ್ಕೆ ಮೂರು ವರ್ಷ ಮೊದಲು, 1934ರಲ್ಲಿ, ಮಂಗಳೂರಿಗೆ ಬಂದಿದ್ದ ಅವರು ರಂಗರಾಯರ ಸಂಸ್ಥೆಯನ್ನು ಕಂಡು ಮೆಚ್ಚಿದ್ದರು.

ರಂಗರಾಯರ ಕಾಳಜಿ ಶಾಲೆಯ ಅಂಗಳಕ್ಕೇ ಸೀಮಿತವಾಗಿರಲಿಲ್ಲ. ಸ್ವಂತ ನೆಲವಿಲ್ಲದವರಿಗೆ ಮನೆ ಕಟ್ಟಿಕೊಳ್ಳಲು ಸರಕಾರದಿಂದ ಭೂಮಿ ದೊರಕಿಸಿಕೊಟ್ಟರು. ವೃದ್ಧಾಪ್ಯದಲ್ಲಿ, ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಂಘಕ್ಕೆ ತಮ್ಮ ಸಂಸ್ಥೆಯನ್ನು ಒಪ್ಪಿಸಿದರು. ಕೊನೆಗೆ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ಅವರು ನಿಧನರಾದರು. ತಮ್ಮ ಅಂತ್ಯಕ್ರಿಯೆಯನ್ನು ಸಮಾಜವು ತೀರ ಕೀಳೆಂದು ಎಣಿಸಿದ್ದ ಜನರೇ ನೆರವೇರಿಸಬೇಕೆಂಬುದು ಅವರ ಇಚ್ಛೆಯಾಗಿತ್ತು.

ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಉನ್ನತ ಪದವಿಗೇರಿ ವಾಹನದಲ್ಲಿ ಸಾಗುವಾಗ ಅದರ ಚಕ್ರದ ಧೂಳು ತಮ್ಮ ತಲೆಗೆ ಸೋಕಿದರೆ ಜನ್ಮ ಸಾರ್ಥಕವೆಂದು ರಂಗರಾಯರು ಭಾವಿಸಿದ್ದರು. ಮಂಗಳೂರಿನ ಪುರಭವನ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ. ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ. ಪುಸ್ತಕ ಹಿಡಿದ ಕೈ ಉಳಿ ಹಿಡಿಯಲು ನಾಚದ, ಉಳಿ ಹಿಡಿದ ಕೈಗೆ ಪುಸ್ತಕ ಎಟುಕದಿರದ ಶಾಲೆಯೇ ಅವರಿಗೆ ಸಲ್ಲುವ ನಿಜವಾದ ಸ್ಮಾರಕ.