ಸಿಪಾಯಿ ಧ್ಯಾನಚಂದರು

ಕೇದಾರಘಾಟಿನ ಮೆಟ್ಟಿಲುಗಳನ್ನು ತೊಳೆದು ಹರಿಯುವ ಗಂಗೆಯು ಪ್ರಯಾಗವನ್ನು ದಾಟಿ ಇಲ್ಲಿಗೆ ಬರುತ್ತಾಳೆ. ಕಾಶೀಯಾತ್ರೆ ಕೈಗೊಂಡ ಕನ್ನಡಿಗರಿಗೆ ಪ್ರಯಾಗವೆಂದರೆ ತ್ರಿವೇಣೀಸಂಗಮ. ಹಾಕಿ ಆಟದಲ್ಲಿ ಸಾಟಿಯಿಲ್ಲದ ಮೇಜರ್ ಧ್ಯಾನಚಂದರು 1905ನೆಯ ಇಸವಿ ಆಗಸ್ಟ್ 29ರಂದು ಜನಿಸಿದ್ದೂ ಅದೇ ಊರಿನಲ್ಲಿ.

ಅವರ ತಂದೆಯವರು ಸೈನ್ಯದಲ್ಲಿದ್ದರು. ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ಬಾಲಕನ ವಿದ್ಯಾಭ್ಯಾಸವು ಆರನೆಯ ತರಗತಿಗೇ ನಿಂತಿತು. ಕುಟುಂಬವು ಕಡೆಗೆ ಝಾನ್ಸಿಯಲ್ಲಿ ನೆಲೆಸಿತು. 1922ರಲ್ಲಿ ಧ್ಯಾನಚಂದರು ದೆಹಲಿಯಲ್ಲಿದ್ದ ಬ್ರಾಹ್ಮಣ ಪಲ್ಟಣಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಅಲ್ಲಿಯವರೆಗೆ ಅವರಿಗೆ ಕುಸ್ತಿಯಲ್ಲಿ ಒಲವಿತ್ತೇ ಹೊರತು ಹಾಕಿಯಲ್ಲಿರಲಿಲ್ಲ.

ಹಾಕಿಯನ್ನು ಈ ದೇಶಕ್ಕೆ ತಂದವರು ಆಂಗ್ಲ ಸೈನಿಕರು. ಪೋಲೋ ಆಟಕ್ಕೆ ಕುದುರೆ ಬೇಕು. ಹಾಕಿಗೆ ಕೋಲು, ಚೆಂಡು, ಸಮನೆಲವಿದ್ದರೆ ಸಾಕು. ಆದುದರಿಂದಲೇ ಅದು ದಂಡಿನ ಪ್ರದೇಶಗಳಲ್ಲಿ ಬಡ ಸಿಪಾಯಿಯ ಆಟವೂ ಆಯಿತು. ಪಲ್ಟಣ ಪಲ್ಟಣಗಳ ನಡುವೆ ಪಂದ್ಯಗಳು ನಡೆಯತೊಡಗಿದವು. ಸುಬೇದಾರ್ ಮೇಜರ್ ಬಾಲೆ ತಿವಾರಿ ಎಂಬುವರು ಧ್ಯಾನಚಂದರ ಕೈಗೆ ಹಾಕಿ ಕೋಲನ್ನು ಕೊಟ್ಟು ಆಟವನ್ನು ಕಲಿಸಿದರು. ನಾಲ್ಕು ವರ್ಷಗಳ ಕಾಲ ಅವರು ಆಡಿದುದೆಲ್ಲವೂ ಸೈನ್ಯದೊಳಗಿನ ಪಂದ್ಯಗಳೇ. ಸಂಜೆ ಕೆಲಸ ಮುಗಿದ ಮೇಲೆ ಬೆಳದಿಂಗಳಲ್ಲಿ ಅಭ್ಯಾಸ ಮಾಡುತ್ತಿದ್ದುದರಿಂದಲೇ ಧ್ಯಾನಸಿಂಗರಿಗೆ ಚಂದನೆಂಬ ಹೆಸರು ಬಂದಿತೆಂದು ಪ್ರತೀತಿ.

1926ರಲ್ಲಿ ಭಾರತೀಯ ಸೇನೆಯ ತಂಡವು ನ್ಯೂಜಿಲೆಂಡಿಗೆ ತೆರಳಿತು. ಆಡಿದ 21 ಪಂದ್ಯಗಳಲ್ಲಿ 18ನ್ನು ಗೆದ್ದು, ಎರಡನ್ನು ಸಮ ಮಾಡಿಕೊಂಡು, ಒಂದರಲ್ಲಿ ಮಾತ್ರ ಸೋತಿತು. ಈ ದಿಗ್ವಿಜಯದಲ್ಲಿ ಪ್ರಮುಖರಾಗಿದ್ದ ಧ್ಯಾನಚಂದರಿಗೆ ಹಿಂದಿರುಗಿದ ಮೇಲೆ ದೊರೆತ ಪದವಿ ಲ್ಯಾನ್ಸ್ ನಾಯಕನದು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಭಾರತವು ಒಂದು ಗೋಲನ್ನೂ ಬಿಟ್ಟುಕೊಡದೆ ಚಿನ್ನದ ಪದಕ ಪಡೆಯಿತು. ಐದು ಪಂದ್ಯಗಳಲ್ಲಿ ಧ್ಯಾನಚಂದರು ಹೊಡೆದ ಗೋಲುಗಳು 14.

ಆದರೂ ಸಿಪಾಯಿಯು ಸಿಪಾಯಿಯೇ. 1932ರ ಒಲಿಂಪಿಕ್ಸಿಗೆ ಮುಂಚೆ ನಡೆದ ಅಂತರಪ್ರಾಂತೀಯ ಪಂದ್ಯಾವಳಿಗೆ ಸೇನೆಯು ಅವರಿಗೆ ರಜೆಯನ್ನೇ ಕೊಡಲಿಲ್ಲ. 1936ಕ್ಕೆ ಮುಂಚೆಯೂ ಹಾಗೆಯೇ ಆಯಿತು. ಹಾಕಿ ಸಂಘದವರು ಪರೀಕ್ಷೆಯಿಲ್ಲದೆಯೇ ಅವರನ್ನು ಆರಿಸಿದರು. ಲಾಸ್ ಏಂಜಲೀಸಿನಲ್ಲಿ ಅಮೆರಿಕದ ಮೇಲೆ ಭಾರತವು 24-1ರಿಂದ ಗೆದ್ದಾಗ ತಮ್ಮ ರೂಪಸಿಂಗರೂ ಜೊತೆಗಿದ್ದರು. 1936ರ ಆಗಸ್ಟ್ 15ರಂದು ಬರ್ಲಿನ್ನಿನಲ್ಲಿ ಜರ್ಮನಿಯನ್ನು 8-1ರಿಂದ ಮಣಿಸಿದ ತಂಡಕ್ಕೆ ಅವರೇ ನಾಯಕರು. ಆರು ತರಗತಿ ಕಲಿತ ಸಿಪಾಯಿಯನ್ನು ಲೋಕವೇ ಕೊಂಡಾಡಿತು.

ಮೇಜರ್ ಪದವಿಯಿಂದ ಅವರು ನಿವೃತ್ತರಾದದ್ದು 1956ರಲ್ಲಿ. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿ ಸಂದಿತು. ಕೊನೆಗಾಲದಲ್ಲಿ ಕೈಯಲ್ಲಿ ಹಣವಿರಲಿಲ್ಲ. 1979ರ ಡಿಸೆಂಬರ್ 3ರಂದು ದೆಹಲಿಯ ಆಸ್ಪತ್ರೆಯೊಂದರ ಸಾಮಾನ್ಯ ವಾರ್ಡಿನಲ್ಲಿ ಮೃತರಾದರು. ಝಾನ್ಸಿಯಲ್ಲಿ, ತಾವು ಆಡಿದ ಮೈದಾನದಲ್ಲಿಯೇ, ಸಕಲ ಸೈನಿಕ ಗೌರವಗಳೊಡನೆ ಅವರ ಅಂತ್ಯಕ್ರಿಯೆ ನಡೆಯಿತು. ಇಂದು ಅವರ ಜನ್ಮದಿನವೇ ರಾಷ್ಟ್ರೀಯ ಕ್ರೀಡಾದಿನ. 2021ರಿಂದ ಖೇಲ್ ರತ್ನ ಪ್ರಶಸ್ತಿಗೂ ಅವರದೇ ಹೆಸರು.

ಸೈನ್ಯಕ್ಕೂ ಹಾಕಿಗೂ ಇರುವ ನಂಟನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಎರಡನ್ನೂ ಮನೆಮಾತಾಗಿಸಿಕೊಂಡ ಕೊಡಗಿನಲ್ಲಿ 1997ರಿಂದ ಕುಟುಂಬಗಳೇ ತಂಡ ಕಟ್ಟಿಕೊಂಡು ಸೆಣಸುವ ಪಂದ್ಯಾವಳಿ ನಡೆದುಬಂದಿದೆ. ಸತ್ತ ಮೇಲೆ ಹೆಸರಿಡುವುದು ಸುಲಭ. ಮುಪ್ಪಿನಲ್ಲಿರುವ ಆಟಗಾರರು ನಮ್ಮ ನಡುವೆಯೂ ಇದ್ದಾರು; ಅವರ ಮನೆಯ ಬಾಗಿಲನ್ನು ಇಂದೇ ತಟ್ಟಿ ಕ್ಷೇಮ ವಿಚಾರಿಸಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.