ಯುದ್ಧಭೂಮಿಯಲ್ಲಿ ಹವಾಮಾನದ ಲೆಕ್ಕ: ಲೂಯಿಸ್ ಫ್ರೈ ರಿಚರ್ಡ್‌ಸನ್

ನಾಳೆ ಮಳೆ ಬರುತ್ತದೆಯೇ ಎಂದು ಇಂದು ನಾವು ಮೊಬೈಲ್ ನೋಡಿ ತಿಳಿಯುತ್ತೇವೆ. ಈ ಮುನ್ಸೂಚನೆಯ ಹಿಂದಿರುವ ಗಣಿತಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು ಇಂಗ್ಲೆಂಡಿನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್.

ಅವರು 1881ರ ಅಕ್ಟೋಬರ್ 11ರಂದು ನ್ಯೂಕ್ಯಾಸಲ್‌ನಲ್ಲಿ ಜನಿಸಿದರು. ಅವರ ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ಆಯುಧ ಹಿಡಿದು ಯುದ್ಧ ಮಾಡುವುದನ್ನು ಈ ಪಂಗಡ ಒಪ್ಪುವುದಿಲ್ಲ. ಕೇಂಬ್ರಿಡ್ಜ್‌ನಲ್ಲಿ ಓದಿದ ರಿಚರ್ಡ್‌ಸನ್ 1913ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಗೆ ಸೇರಿದರು. ಆಗ ಹಳೆಯ ನಕ್ಷೆಗಳನ್ನು ಹೋಲಿಸಿ ಮುನ್ಸೂಚನೆ ಕೊಡುತ್ತಿದ್ದರು. ಗಾಳಿಯ ಒತ್ತಡ, ವೇಗ, ಉಷ್ಣತೆಗಳನ್ನು ಸಮೀಕರಣಗಳಿಗೆ ಅಳವಡಿಸಿದರೆ ಮುಂದಿನ ಹವೆಯನ್ನು ಲೆಕ್ಕ ಹಾಕಿಯೇ ಹೇಳಬಹುದೆಂದು ಅವರು ನಂಬಿದ್ದರು.

ಮೊದಲ ಮಹಾಯುದ್ಧ ನಡೆಯುತ್ತಿತ್ತು. 1916ರಲ್ಲಿ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಕ್ವೇಕರರ ಆಂಬುಲೆನ್ಸ್ ದಳ ಸೇರಿದರು. ಫ್ರೆಂಚ್ ಸೇನೆಯೊಂದಿಗಿದ್ದು, ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ಸಾಗಿಸಿದರು. ಬಿಡುವು ಸಿಕ್ಕಾಗ ಚಳಿಯಲ್ಲಿ, ಒಣಹುಲ್ಲಿನ ರಾಶಿಯ ಮೇಲೆ ಕುಳಿತು ಲೆಕ್ಕ ಮಾಡಿದರು. 1910ರ ಮೇ 20ರಂದು ಮಧ್ಯ ಯುರೋಪಿನಲ್ಲಿ ಆರು ಗಂಟೆಗಳಲ್ಲಿ ಹವೆ ಹೇಗೆ ಬದಲಾಗಬೇಕಿತ್ತು ಎಂಬುದೇ ಆ ಲೆಕ್ಕ. ಅದಕ್ಕೆ ಆರು ವಾರ ಹಿಡಿಯಿತು. 1917ರ ಕದನದ ಗಡಿಬಿಡಿಯಲ್ಲಿ ಹಸ್ತಪ್ರತಿ ಕಳೆದೇ ಹೋಯಿತು. ತಿಂಗಳುಗಳ ನಂತರ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯಡಿ ಸಿಕ್ಕಿತು.

ಉತ್ತರ ಮಾತ್ರ ತಪ್ಪಾಗಿತ್ತು. ಒತ್ತಡ 145 ಮಿಲಿಬಾರ್ ಏರುತ್ತದೆಂದು ಲೆಕ್ಕ ಹೇಳಿತು. ನಿಜದಲ್ಲಿ ಅಂದು ಒತ್ತಡ ಹೆಚ್ಚುಕಡಿಮೆ ಬದಲಾಗಿರಲೇ ಇಲ್ಲ. ರಿಚರ್ಡ್‌ಸನ್ ಅದನ್ನು ಮುಚ್ಚಿಡಲಿಲ್ಲ. 1922ರ ತಮ್ಮ ಪುಸ್ತಕದಲ್ಲಿ ಇಡೀ ಲೆಕ್ಕವನ್ನು ತಪ್ಪು ಉತ್ತರದ ಸಮೇತ ಅಚ್ಚು ಹಾಕಿಸಿದರು. ವಿಧಾನ ಸರಿಯಿತ್ತು, ಆರಂಭದಲ್ಲಿ ಬಳಸಿದ ಗಾಳಿಯ ಅಳತೆಗಳಲ್ಲಿದ್ದ ಅಸಮತೋಲನವೇ ದೋಷಕ್ಕೆ ಕಾರಣವೆಂದು ನಂತರದವರು ಕಂಡುಕೊಂಡರು.

ಯುದ್ಧ ಮುಗಿದ ಮೇಲೆ ಅವರು ಮತ್ತೆ ಹವಾಮಾನ ಇಲಾಖೆಗೆ ಬಂದಿದ್ದರು. 1920ರಲ್ಲಿ ಆ ಇಲಾಖೆ ವಾಯುಪಡೆಯನ್ನು ನೋಡಿಕೊಳ್ಳುವ ಸಚಿವಾಲಯದ ಕೈಗೆ ಹೋದಾಗ ಪುನಃ ರಾಜೀನಾಮೆ ಕೊಟ್ಟರು. ತಮ್ಮ ಸಂಶೋಧನೆಯ ಮೇಲೆ ವಿಷಾನಿಲ ತಜ್ಞರ ಕಣ್ಣು ಬಿದ್ದಿದೆ ಎಂದು ತಿಳಿದಾಗ, ಅಚ್ಚಾಗದೆ ಉಳಿದಿದ್ದ ಬರಹಗಳನ್ನು ತಾವೇ ನಾಶಪಡಿಸಿದರು. ಬಳಿಕ ಮನುಷ್ಯರು ಯಾಕೆ ಯುದ್ಧ ಮಾಡುತ್ತಾರೆ ಎಂಬುದನ್ನೇ ಗಣಿತದಿಂದ ಅರಿಯಲು ಹೊರಟರು. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ತಾವೂ ವಿದ್ಯಾರ್ಥಿಯಾಗಿ ಓದಿ, 1929ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಮನಶ್ಶಾಸ್ತ್ರದ ಪದವಿ ಪಡೆದರು. ಆಗ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಮೂರು ವರ್ಷವಾಗಿತ್ತು!

1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ ಗಣಿತದ ಮೂಲಕವೇ ಹವೆಯ ಮುನ್ಸೂಚನೆ ನೀಡಿತು. ಆ ಫಲಿತಾಂಶ ರಿಚರ್ಡ್‌ಸನ್ ಅವರ ಕೈಸೇರಿತು. ತಮ್ಮ ಕನಸು ನನಸಾದದ್ದನ್ನು ಕಂಡ ಅವರು 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನಲ್ಲಿ ನಿಧನರಾದರು.

ಓದಲು ಸಮಯವಿಲ್ಲ, ಅನುಕೂಲವಿಲ್ಲ ಎನಿಸಿದಾಗ ಆ ಒಣಹುಲ್ಲಿನ ರಾಶಿಯನ್ನು ನೆನಪಿಸಿಕೊಳ್ಳೋಣ. ಕಲಿತ ವಿದ್ಯೆ ಯಾರ ಕೈಗೆ, ಯಾವ ಕೆಲಸಕ್ಕೆ ಹೋಗುತ್ತಿದೆ ಎಂದು ಅವರಂತೆ ಕೇಳಿಕೊಳ್ಳುವುದನ್ನೂ ಕಲಿಯೋಣ.